ಮಿದುಳಿನ ಶಸ್ತ್ರಚಿಕಿತ್ಸೆ: ಸೀಸೆಯಲ್ಲಿರುವುದು ಬರೀ ನೀರಲ್ಲ

"ಡಾಕ್ಟ್ರೇ, ಮುಂದಿನ ವಾರ ನಮ್ಮ ಯಜಮಾನ್ರಿಗೆ ತಲೆ ಆಪರೇಷನ್ನು. ಆರೇಳು ಗಂಟೆ ಹಿಡಿಯುತ್ತಂತೆ. ಅಷ್ಟು ಹೊತ್ತು ಹೊಟ್ಟೆಗೆ ಏನೂ ಇಲ್ಲದೆ ಹೇಗೆ ತಡೀತಾರೆ? ನೀವೇ ಎರಡು ಬಾಟ್ಲು ಗ್ಲೂಕೋಸ್ ಏರಿಸಿಬಿಡಿ, ಸ್ವಲ್ಪ ಶಕ್ತಿ ಬರಲಿ."

ಹೊಸಹಳ್ಳಿಯ ನನ್ನ ಕ್ಲಿನಿಕ್ಕಿಗೆ ಬಹಳ ವರ್ಷಗಳಿಂದ ಬರುತ್ತಿರುವ ಹಿರಿಯ ಗೃಹಿಣಿಯೊಬ್ಬರು ಈಚೆಗೆ ಕೇಳಿದ ಮಾತಿದು. ಅವರ ಪತಿಗೆ ಮಿದುಳಿನ ಹೊದಿಕೆಯಲ್ಲಿ ಗೆಡ್ಡೆಯೊಂದು ಬೆಳೆದಿತ್ತು. ಮೆನಿಂಜಿಯೋಮಾ ಎಂದು ಕರೆಯುವ ಈ ಗೆಡ್ಡೆ ಹೆಚ್ಚಿನವರಲ್ಲಿ ಕ್ಯಾನ್ಸರ್ ಆಗಿರುವುದಿಲ್ಲ. ಆಕೆಯ ಕೋರಿಕೆಯಲ್ಲಿ ಪ್ರೀತಿಯಿತ್ತು, ಆತಂಕವಿತ್ತು. ಆದರೂ ನಾನು "ಆಗುವುದಿಲ್ಲ ಅಮ್ಮ" ಎಂದೆ. ಏಕೆ ಆಗುವುದಿಲ್ಲ ಎಂಬುದನ್ನು ಹತ್ತು ನಿಮಿಷ ಕುಳಿತು ವಿವರಿಸಿದೆ. ಅದನ್ನೇ ಇಂದು ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಜ್ವರ ಬಂದರೆ ಗ್ಲೂಕೋಸ್, ಸುಸ್ತಾದರೆ ಗ್ಲೂಕೋಸ್, ಊರಿನಿಂದ ಅಜ್ಜಿ ಬಂದರೂ ಒಂದು ಗ್ಲೂಕೋಸ್. ಇದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಅರ್ಧ ಲೀಟರಿನ 5 ಶೇಕಡಾ ಗ್ಲೂಕೋಸ್ ಸೀಸೆಯಲ್ಲಿ ಇರುವುದೇನು? 25 ಗ್ರಾಂ ಸಕ್ಕರೆ, ಅಂದರೆ ಐದಾರು ಟೀ ಚಮಚದಷ್ಟು. ಉಳಿದದ್ದೆಲ್ಲ ನೀರು. ಅದರಿಂದ ಸಿಗುವ ಶಕ್ತಿ ಹೆಚ್ಚೆಂದರೆ 100 ಕ್ಯಾಲೊರಿ. ಎರಡು ಇಡ್ಲಿ ತಿಂದರೆ ಸುಮಾರು ಅಷ್ಟೇ ಸಿಗುತ್ತದೆ. ಬೇರೆ ರೋಗಿಗಳಲ್ಲಿ ಈ ಸೀಸೆ ದುಡ್ಡಿಗೆ ದಂಡವಾಗಬಹುದು, ಅಷ್ಟೆ. ಆದರೆ ಮಿದುಳಿನಲ್ಲಿ ಗೆಡ್ಡೆಯೋ ಪೆಟ್ಟೋ ಇರುವವರಲ್ಲಿ ಇದೇ ಸೀಸೆ ಪ್ರಾಣಕ್ಕೆ ಎರವಾಗಬಹುದು.

ಮುಚ್ಚಿದ ಡಬ್ಬಿಯೊಳಗೆ

ವಯಸ್ಕರ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ. ಅದನ್ನು ಇಟ್ಟಿರುವುದು ಮೂಳೆಯ ಗಟ್ಟಿ ಡಬ್ಬಿಯಲ್ಲಿ. ಹೊಟ್ಟೆ ಉಬ್ಬಿದರೆ ಚರ್ಮ ಹಿಗ್ಗುತ್ತದೆ, ಕಾಲು ಊದಿದರೆ ಚಪ್ಪಲಿ ಬಿಗಿಯಾಗುತ್ತದೆ. ತಲೆಬುರುಡೆ ಮಾತ್ರ ಹಿಗ್ಗುವುದಿಲ್ಲ. ಅದರೊಳಗೆ ಮಿದುಳು, ರಕ್ತ ಹಾಗೂ ಮಿದುಳನ್ನು ಸುತ್ತುವರಿದಿರುವ ತಿಳಿದ್ರವ ಎಂಬ ಮೂರೇ ವಸ್ತುಗಳು. ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಟ್ಟುಕೊಡಬೇಕು. 18ನೇ ಶತಮಾನದ ಕೊನೆಗೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೊ, ಅನಂತರ ಜಾರ್ಜ್ ಕೆಲಿ ಎಂಬ ವೈದ್ಯರು ಹೇಳಿದ ಈ ತತ್ವವೇ ಇಂದಿಗೂ ಮಿದುಳಿನ ಚಿಕಿತ್ಸೆಗೆ ಆಧಾರ.

ಕಡಲೆಕಾಳನ್ನು ಬಿಗಿ ಮುಚ್ಚಳದ ಡಬ್ಬಿಯ ತುಂಬ ಹಾಕಿ ನೀರು ಸುರಿದು ರಾತ್ರಿ ಬಿಟ್ಟರೆ ಏನಾಗುತ್ತದೆಂದು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಕಾಳು ಉಬ್ಬಿ ಮುಚ್ಚಳವನ್ನೇ ಎತ್ತುತ್ತದೆ. ತಲೆಯಲ್ಲಿ ಎತ್ತಲು ಮುಚ್ಚಳವಿಲ್ಲ. ಆರಂಭದಲ್ಲಿ ತಿಳಿದ್ರವ ಬೆನ್ನುಹುರಿಯ ಕಡೆಗೆ ಸರಿದು ಸ್ವಲ್ಪ ಜಾಗ ಕೊಡುತ್ತದೆ. ಆ ಜಾಗವೂ ಮುಗಿದ ಮೇಲೆ ಒತ್ತಡ ಏಕಾಏಕಿ ಏರುತ್ತದೆ. ಹೃದಯದಿಂದ ಬರುವ ರಕ್ತಕ್ಕೆ ಮಿದುಳಿನೊಳಗೆ ನುಗ್ಗಲು ಕಷ್ಟವಾಗುತ್ತದೆ. ಕೊನೆಗೆ ಮಿದುಳು ಬುರುಡೆಯ ತಳದ ರಂಧ್ರದ ಕಡೆಗೆ ಜರುಗಿ, ಉಸಿರಾಟವನ್ನು ನಿಯಂತ್ರಿಸುವ ಭಾಗವನ್ನು ಅದುಮುತ್ತದೆ. ಆರೋಗ್ಯವಂತರಲ್ಲಿ ಬುರುಡೆಯೊಳಗಿನ ಒತ್ತಡ 15 ಮಿಲಿಮೀಟರ್ ಪಾದರಸವನ್ನು ಮೀರುವುದಿಲ್ಲ. ತಲೆಗೆ ತೀವ್ರ ಪೆಟ್ಟಾದವರಲ್ಲಿ ಅದು 22ನ್ನು ದಾಟಿದರೆ ವೈದ್ಯರು ಚಿಕಿತ್ಸೆಗೆ ಧಾವಿಸುತ್ತಾರೆ.

ಉಪ್ಪಿನಕಾಯಿ ಹೇಳುವ ಪಾಠ

ರಕ್ತನಾಳಕ್ಕೆ ಹಾಕಿದ ದ್ರವಕ್ಕೂ ಮಿದುಳಿನ ಊತಕ್ಕೂ ಏನು ಸಂಬಂಧ? ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಹೋಳು ಸುಕ್ಕಾಗಿ ನೀರು ಬಿಟ್ಟಿರುತ್ತದೆ. ಒಣದ್ರಾಕ್ಷಿಯನ್ನು ಬರೀ ನೀರಿನಲ್ಲಿ ಹಾಕಿದರೆ ಅದು ನೀರು ಹೀರಿ ಉಬ್ಬುತ್ತದೆ. ಉಪ್ಪು ಅಥವಾ ಸಕ್ಕರೆ ಹೆಚ್ಚು ಕರಗಿರುವ ಕಡೆಗೆ ನೀರು ಹರಿಯುತ್ತದೆ. ನಿಯಮ ಇಷ್ಟೇ.

ಕೈಕಾಲು, ಕರುಳು, ಶ್ವಾಸಕೋಶಗಳ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಉಪ್ಪಿನ ಕಣಗಳು ಸರಾಗವಾಗಿ ಹಾದುಹೋಗುತ್ತವೆ. ಅಲ್ಲಿ ಉಪ್ಪುನೀರನ್ನು ಅತಿಯಾಗಿ ಹಾಕಿದರೆ ಉಪ್ಪೂ ನೀರೂ ಒಟ್ಟಿಗೆ ಹೊರಬಂದು ಊತ ಬರುತ್ತದೆ. ಮಿದುಳಿನ ರಕ್ತನಾಳಗಳು ಹಾಗಲ್ಲ. ಅವುಗಳ ಗೋಡೆಯ ಜೀವಕೋಶಗಳು ಸಂದಿಯಿಲ್ಲದಂತೆ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಉಪ್ಪಿನ ಕಣಕ್ಕೂ ಅಲ್ಲಿ ಸುಲಭದ ದಾರಿಯಿಲ್ಲ. ನೀರು ಮಾತ್ರ ಹಾಯುತ್ತದೆ. ಇದನ್ನೇ ರಕ್ತ-ಮಿದುಳಿನ ತಡೆಗೋಡೆ ಎನ್ನುತ್ತಾರೆ. ಆದ್ದರಿಂದ ಮಿದುಳು ಊದುತ್ತದೋ ಕುಗ್ಗುತ್ತದೋ ಎಂಬುದು ಎಷ್ಟು ದ್ರವ ಹಾಕಿದರು ಎಂಬುದಕ್ಕಿಂತ ಎಂಥ ದ್ರವ ಹಾಕಿದರು ಎಂಬುದನ್ನು ಹೆಚ್ಚಾಗಿ ಅವಲಂಬಿಸಿದೆ. ಈ ಲೇಖನದಲ್ಲಿ ನೀವು ನೆನಪಿಡಬೇಕಾದ ಮಾತು ಇದೊಂದೇ.

ಇದನ್ನು ಕಣ್ಣಾರೆ ತೋರಿಸಿದವರು ಅಮೆರಿಕದ ಲೂಯಿಸ್ ವೀಡ್ ಮತ್ತು ಪಾಲ್ ಮೆಕಿಬ್ಬನ್. 1919ರಲ್ಲಿ ಅವರು ಬೆಕ್ಕುಗಳ ರಕ್ತನಾಳಕ್ಕೆ ಗಾಢವಾದ ಉಪ್ಪುನೀರು ಕೊಟ್ಟಾಗ ಮಿದುಳು ಕುಗ್ಗಿತು. ಬರೀ ನೀರು ಕೊಟ್ಟಾಗ ಅದೇ ಮಿದುಳು ಊದಿತು. ನೂರು ವರ್ಷ ದಾಟಿದರೂ ಅರಿವಳಿಕೆ ತಜ್ಞರು ಸೀಸೆ ಆರಿಸುವುದು ಈ ಪಾಠದ ಮೇಲೆಯೇ.

ಯಾವ ಸೀಸೆ, ಏಕೆ?

ನಮ್ಮ ರಕ್ತದಲ್ಲಿ ಕರಗಿರುವ ಕಣಗಳ ಸಾಂದ್ರತೆಯನ್ನು ಮಿಲಿ ಆಸ್ಮೋಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದು ಸಾಮಾನ್ಯವಾಗಿ 285ರಿಂದ 295. ಇದರಲ್ಲಿ ಒಂದೇ ಒಂದು ಅಂಕಿಯ ವ್ಯತ್ಯಾಸವಾದರೂ ತಡೆಗೋಡೆಯ ಎರಡು ಬದಿಗೆ ಸುಮಾರು 19 ಮಿಲಿಮೀಟರ್ ಪಾದರಸದಷ್ಟು ಎಳೆತ ಹುಟ್ಟುತ್ತದೆ. ಆರು ಅಂಕಿ ವ್ಯತ್ಯಾಸವೆಂದರೆ ಹೆಚ್ಚುಕಡಿಮೆ ನಿಮ್ಮ ಮೇಲಿನ ಬಿ.ಪಿ.ಯಷ್ಟು! ಈಗ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮೂರು ಸೀಸೆಗಳನ್ನು ನೋಡೋಣ.

ಮೊದಲನೆಯದು 5 ಶೇಕಡಾ ಗ್ಲೂಕೋಸ್. ಸೀಸೆಯಲ್ಲಿರುವಾಗ ಅದರ ಸಾಂದ್ರತೆ ರಕ್ತಕ್ಕೆ ಹತ್ತಿರವಾಗಿಯೇ ಇದೆ. ಆದರೆ ಒಳಹೋದ ಸಕ್ಕರೆಯನ್ನು ದೇಹ ಬೇಗ ಬಳಸಿಕೊಂಡುಬಿಡುತ್ತದೆ. ಆಮೇಲೆ ಉಳಿಯುವುದು ಬರೀ ನೀರು. ಆ ನೀರು ತಡೆಗೋಡೆ ದಾಟಿ ಮಿದುಳಿಗೆ ಹೋಗುತ್ತದೆ. ಇನ್ನೂ ಒಂದು ಅಪಾಯವಿದೆ. ರಕ್ತಸಂಚಾರ ಕಡಿಮೆಯಾದ ಮಿದುಳಿನ ಭಾಗದಲ್ಲಿ ಸಕ್ಕರೆ ಹೆಚ್ಚಿದ್ದರೆ ಆಮ್ಲ ಶೇಖರವಾಗಿ ಜೀವಕೋಶಗಳಿಗೆ ಹೆಚ್ಚು ಹಾನಿಯಾಗುತ್ತದೆ. ಹಾಗೆಂದು ಸಕ್ಕರೆ ಅಂಶ ಅತಿ ಕೆಳಗಿಳಿಯಲೂ ಬಾರದು. ಮಿದುಳಿನ ಮುಖ್ಯ ಆಹಾರ ಅದೇ. ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿದಿರುವುದು ಕಂಡರೆ ವೈದ್ಯರು ತಡಮಾಡದೆ ಗ್ಲೂಕೋಸ್ ಕೊಡುತ್ತಾರೆ. ಆಗ ಅದು ಔಷಧ.

ಎರಡನೆಯದು ನಾರ್ಮಲ್ ಸಲೈನ್. ಲೀಟರಿಗೆ 9 ಗ್ರಾಂ ಉಪ್ಪು. ಸಾಂದ್ರತೆ 308; ರಕ್ತಕ್ಕಿಂತ ಕೊಂಚ ಹೆಚ್ಚು. ಮಿದುಳಿಗೆ ನೀರು ನುಗ್ಗದಂತೆ ನೋಡಿಕೊಳ್ಳುವುದರಿಂದ ಇದೇ ಬಹುಕಾಲದ ನೆಚ್ಚಿನ ದ್ರವ. ಆದರೆ ಇದರಲ್ಲಿ ಕ್ಲೋರೈಡ್ ಅಂಶ ರಕ್ತದಲ್ಲಿರುವುದಕ್ಕಿಂತ ಬಹಳ ಜಾಸ್ತಿ. ಲೀಟರುಗಟ್ಟಲೆ ಹಾಕಿದರೆ ರಕ್ತ ಆಮ್ಲೀಯವಾಗುತ್ತದೆ.

ಮೂರನೆಯದು ರಿಂಗರ್ ಲ್ಯಾಕ್ಟೇಟ್, ಆಸ್ಪತ್ರೆಯ ಭಾಷೆಯಲ್ಲಿ ಆರ್.ಎಲ್. ಇದರ ಲವಣಗಳು ರಕ್ತವನ್ನು ಹೋಲುತ್ತವೆ. ಬೇರೆ ಶಸ್ತ್ರಚಿಕಿತ್ಸೆಗಳಿಗೆ ಇದು ಒಳ್ಳೆಯದು. ಆದರೆ ಇದರ ಸಾಂದ್ರತೆ 273, ರಕ್ತಕ್ಕಿಂತ ಕಡಿಮೆ. ಸ್ವಲ್ಪ ಕೊಟ್ಟರೆ ತೊಂದರೆಯಿಲ್ಲ. ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಇದನ್ನೇ ಹೆಚ್ಚು ಹಾಕಿದರೆ ಊತಕ್ಕೆ ದಾರಿ. ಈಗ ರಕ್ತದ ಸಾಂದ್ರತೆಗೇ ಹೊಂದಿಸಿ ತಯಾರಿಸಿದ ಸಮತೋಲಿತ ದ್ರವಗಳೂ ದೊರೆಯುತ್ತವೆ. ಅನೇಕ ಕಡೆ ಸಲೈನ್ ಜತೆಗೆ ಅವನ್ನೂ ಬಳಸುತ್ತಾರೆ.

ಆರ್.ಎಲ್. ಹೆಸರು ಕೇಳಿದರೆ ಅನೇಕರಿಗೆ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಂಭವಿಸಿದ ಬಾಣಂತಿಯರ ಸಾವು ನೆನಪಾಗುತ್ತದೆ. ಆಗ ಸಂಶಯ ಬಂದದ್ದು ಪೂರೈಕೆಯಾಗಿದ್ದ ದ್ರವದ ಗುಣಮಟ್ಟದ ಮೇಲೆ. ರಾಜ್ಯ ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಅದು ಬೇರೆ ವಿಷಯ. ಸರಿಯಾಗಿ ತಯಾರಾದ ಆರ್.ಎಲ್. ಬಗ್ಗೆ ಹೆದರಬೇಕಾಗಿಲ್ಲ. ಆದರೆ ಶುದ್ಧವಾದ ದ್ರವವೂ ತಪ್ಪು ರೋಗಿಗೆ ಹೋದರೆ ತೊಂದರೆಯೇ.

ನಾನು ಮಾಡಿದ ತಪ್ಪು

ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದ ನಾನೇ ಒಮ್ಮೆ ಎಡವಿದ್ದೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಎಂ.ಬಿ.ಬಿ.ಎಸ್. ಮುಗಿಸಿ ಚಿಕ್ಕ ನರ್ಸಿಂಗ್ ಹೋಮೊಂದರಲ್ಲಿ ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರಾಗಿದ್ದೆ. ಮಾಗಡಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದ ಯುವಕನನ್ನು ಕರೆತಂದರು. ಎರಡು ಸಲ ವಾಂತಿಯಾಗಿತ್ತು, ಮಂಪರಿನಲ್ಲಿದ್ದ. ದೊಡ್ಡ ಆಸ್ಪತ್ರೆಗೆ ಕಳುಹಿಸಲು ವಾಹನ ಗೊತ್ತುಮಾಡುವಷ್ಟರಲ್ಲಿ ಅವನ ತಾಯಿ, "ಮಧ್ಯಾಹ್ನದಿಂದ ಊಟ ಮಾಡಿಲ್ಲ ಸ್ವಾಮಿ, ಏನಾದ್ರೂ ಹಾಕಿ" ಎಂದು ಕೈಮುಗಿದರು. ಕೈಗೆ ಸಿಕ್ಕಿದ್ದು ಗ್ಲೂಕೋಸ್ ಸೀಸೆ. ಅದನ್ನೇ ಹಾಕಿ ಜತೆಯಲ್ಲಿ ಹೊರಟೆ.

ಅಲ್ಲಿ ಹಿರಿಯ ಅರಿವಳಿಕೆ ತಜ್ಞೆಯೊಬ್ಬರು ಮೊದಲು ನೋಡಿದ್ದು ರೋಗಿಯ ಕಣ್ಣುಗಳನ್ನು. ಆಮೇಲೆ ನೋಡಿದ್ದು ತೂಗಾಡುತ್ತಿದ್ದ ಸೀಸೆಯನ್ನು. "ಇದನ್ನು ಯಾರು ಹಾಕಿದ್ದು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅದನ್ನು ಬಿಚ್ಚಿ ಸಲೈನ್ ಹಾಕಿಸಿದರು. ಬೈಯಲಿಲ್ಲ. "ಊದುತ್ತಿರುವ ಮಿದುಳಿಗೆ ನೀರು ಕುಡಿಸುತ್ತಿದ್ದೀರಿ ಡಾಕ್ಟರ್" ಎಂದಷ್ಟೇ ಹೇಳಿದರು. ಹೆಪ್ಪುಗಟ್ಟಿದ ರಕ್ತವನ್ನು ಆ ರಾತ್ರಿಯೇ ತೆಗೆದರು. ಹುಡುಗ ಬದುಕಿದ. ನಾನು ಹಾಕಿದ ಕಾಲು ಸೀಸೆಯಿಂದ ಅವನಿಗೆ ಎಷ್ಟು ಕೆಡುಕಾಯಿತೆಂದು ಅಳೆದು ಹೇಳುವ ಹಾಗಿಲ್ಲ. ಆದರೆ ಅಂದಿನಿಂದ ತಲೆಗೆ ಪೆಟ್ಟಾದವರಿಗೆ ಸೀಸೆ ಹಾಕುವ ಮೊದಲು ಅದರ ಮೇಲಿನ ಚೀಟಿಯನ್ನು ಎರಡು ಸಲ ಓದುತ್ತೇನೆ.

ಒಣಗಿಸುವುದೂ ತಪ್ಪು

ನೀರಿನಿಂದ ಊತ ಬರುವುದಾದರೆ ನೀರನ್ನೇ ಕೊಡದಿದ್ದರೆ ಆಯಿತಲ್ಲ? ಹಿಂದಿನ ತಲೆಮಾರಿನ ವೈದ್ಯರು ಹಾಗೆಯೇ ಯೋಚಿಸಿದ್ದರು. ಮಿದುಳಿನ ರೋಗಿಯನ್ನು ಒಣಗಿಸಿಯೇ ಇಡಬೇಕು ಎಂಬುದು ಬಹುಕಾಲ ನಡೆದುಬಂದ ಪಾಠ. ಈಗ ಅದನ್ನು ಕೈಬಿಡಲಾಗಿದೆ. ದೇಹದಲ್ಲಿ ದ್ರವ ಕಡಿಮೆಯಾದರೆ ರಕ್ತದೊತ್ತಡ ಕುಸಿಯುತ್ತದೆ. ಮೊದಲೇ ಒತ್ತಡದಲ್ಲಿರುವ ಮಿದುಳಿಗೆ ರಕ್ತ ತಲಪುವುದಿಲ್ಲ. ದೇಹದ ತೂಕದಲ್ಲಿ ಮಿದುಳಿನದು ಶೇಕಡಾ 2 ಮಾತ್ರ. ಅದು ಬಳಸುವ ಆಮ್ಲಜನಕ ಶೇಕಡಾ 20. ಕೆಲವೇ ನಿಮಿಷ ರಕ್ತ ನಿಂತರೂ ಅದು ಸಹಿಸದು. ತಲೆಗೆ ತೀವ್ರ ಪೆಟ್ಟಾದವರಲ್ಲಿ ಮೇಲಿನ ಬಿ.ಪಿ. 90ಕ್ಕಿಂತ ಕೆಳಗಿಳಿದರೆ ಸಾವಿನ ಪ್ರಮಾಣ ದುಪ್ಪಟ್ಟನ್ನೂ ಮೀರುತ್ತದೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಹಾಗಾಗಿ ಇಂದಿನ ಗುರಿ ಒಣಗಿಸುವುದೂ ಅಲ್ಲ, ತೋಯಿಸುವುದೂ ಅಲ್ಲ. ರಕ್ತದ ಪ್ರಮಾಣ ಸಹಜವಾಗಿರಬೇಕು, ಸಾಂದ್ರತೆ ಸಹಜಕ್ಕಿಂತ ಕೆಳಗೆ ಇಳಿಯಬಾರದು.

ಮಿದುಳನ್ನು ಕುಗ್ಗಿಸುವ ಔಷಧ

ಬುರುಡೆ ತೆರೆದಾಗ ಮಿದುಳು ಬಿಗಿಯಾಗಿ ಉಬ್ಬಿದ್ದರೆ ಶಸ್ತ್ರವೈದ್ಯರಿಗೆ ಗೆಡ್ಡೆಯ ಬಳಿಗೆ ಹೋಗಲು ದಾರಿಯೇ ಇರುವುದಿಲ್ಲ. ಆಗ ಉಪ್ಪಿನಕಾಯಿಯ ನಿಯಮವನ್ನೇ ಔಷಧವಾಗಿ ಬಳಸುತ್ತಾರೆ. 1960ರ ದಶಕದಿಂದ ಬಳಕೆಯಲ್ಲಿರುವ ಮ್ಯಾನಿಟಾಲ್ ಒಂದು ಬಗೆಯ ಸಕ್ಕರೆ ಮದ್ಯಸಾರ, ಅಮಲೇರಿಸುವಂಥದಲ್ಲ. ಅದರ 20 ಶೇಕಡಾ ದ್ರಾವಣ ರಕ್ತಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಾಢ. ರೋಗಿಯ ತೂಕದ ಪ್ರತಿ ಕಿಲೋಗ್ರಾಂಗೆ ಕಾಲು ಗ್ರಾಂನಿಂದ ಒಂದು ಗ್ರಾಂವರೆಗೆ, ಹದಿನೈದಿಪ್ಪತ್ತು ನಿಮಿಷಗಳಲ್ಲಿ ಕೊಡುತ್ತಾರೆ. 60 ಕಿಲೋ ತೂಕದವರಿಗೆ ಅದು 75ರಿಂದ 300 ಮಿಲಿಲೀಟರ್. ಮಿದುಳಿನ ನೀರು ರಕ್ತಕ್ಕೆ ಸೆಳೆಯಲ್ಪಟ್ಟು, ಮೂತ್ರಪಿಂಡಗಳ ಮೂಲಕ ಹೊರಹೋಗುತ್ತದೆ. ಚಳಿಗೆ ಈ ದ್ರಾವಣ ಹರಳುಗಟ್ಟುತ್ತದೆ. ಆದ್ದರಿಂದಲೇ ದಾದಿಯರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಹರಳಿದ್ದರೆ ಬಿಸಿನೀರಿನಲ್ಲಿಟ್ಟು ಕರಗಿಸಿಕೊಳ್ಳುತ್ತಾರೆ.

ಮ್ಯಾನಿಟಾಲ್ ಕೊಟ್ಟ ಕೂಡಲೆ ರಕ್ತನಾಳದಲ್ಲಿ ದ್ರವ ತಾತ್ಕಾಲಿಕವಾಗಿ ಹೆಚ್ಚುತ್ತದೆ. ದುರ್ಬಲ ಹೃದಯಕ್ಕೆ ಅದು ಹೊರೆ. ಆಮೇಲೆ ಮೂತ್ರ ಧಾರಾಕಾರವಾಗಿ ಹೋಗುತ್ತದೆ. ಹಾಗೆ ಹೋದದ್ದನ್ನು ತುಂಬದಿದ್ದರೆ ಬಿ.ಪಿ. ಕುಸಿಯುತ್ತದೆ. ಮೂತ್ರಪಿಂಡ ಕೆಟ್ಟವರಿಗೆ ಇದು ಆಗಿಬರದು. ಮ್ಯಾನಿಟಾಲ್ ಬದಲು 3 ಶೇಕಡಾ ಉಪ್ಪಿನ ಗಾಢ ದ್ರಾವಣವನ್ನೂ ಬಳಸುವುದುಂಟು. ಎರಡೂ ಹರಿತವಾದ ಕತ್ತಿಗಳೇ. ಲೆಕ್ಕ ಬಲ್ಲವರ ಕೈಯಲ್ಲಿರಬೇಕು.

ಪರದೆಯ ಆಚೆಗೆ ಕುಳಿತವರು

ಬೆಂಗಳೂರಿಗೆ ಮಿದುಳಿನ ಶಸ್ತ್ರಚಿಕಿತ್ಸೆ ಹೊಸದಲ್ಲ. ಹೊಸೂರು ರಸ್ತೆಯ ಇಂದಿನ ನಿಮ್ಹಾನ್ಸ್ 1974ರಲ್ಲಿ ಆ ಹೆಸರು ಪಡೆಯುವ ಮೊದಲೇ, 1958ರಲ್ಲಿ, ಡಾ. ಆರ್.ಎಂ. ವರ್ಮ ಅವರು ಅಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದ್ದರು. ಮಿದುಳಿನ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವುದಕ್ಕೆಂದೇ ಇಂದು ಅಲ್ಲಿ ಪ್ರತ್ಯೇಕ ವಿಭಾಗವಿದೆ. ನಮ್ಮಲ್ಲಿ ಆಪರೇಷನ್ ಮಾಡಿದ ಸರ್ಜನ್ನರ ಹೆಸರು ಮನೆಮಂದಿಗೆಲ್ಲ ಗೊತ್ತು. ಅರಿವಳಿಕೆ ಕೊಟ್ಟವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಆದರೆ ಆ ಆರೇಳು ಗಂಟೆ ಹನಿಹನಿಯ ಲೆಕ್ಕ ಇಡುವವರು ಅವರೇ.

ರೋಗಿಯ ಮಣಿಕಟ್ಟಿನ ಅಪಧಮನಿಯಲ್ಲಿ ಸಣ್ಣ ನಳಿಕೆಯಿಟ್ಟು ಪ್ರತಿ ಬಡಿತದ ರಕ್ತದೊತ್ತಡ ನೋಡುತ್ತಾರೆ. ಮೂತ್ರ ಗಂಟೆಗೆ ಎಷ್ಟು ಬಂತು, ಬಟ್ಟೆಗಳಲ್ಲಿ ಮತ್ತು ಹೀರುವ ಜಾಡಿಯಲ್ಲಿ ಎಷ್ಟು ರಕ್ತ ಸೇರಿತು ಎಂದು ಕೂಡಿ ಕಳೆಯುತ್ತಾರೆ. ರಕ್ತ ತೆಗೆದು ಸೋಡಿಯಂ, ಸಕ್ಕರೆ, ಹಿಮೋಗ್ಲೋಬಿನ್ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಸಕ್ಕರೆಯನ್ನು ಸಾಮಾನ್ಯವಾಗಿ 180ರ ಒಳಗೆ ಇಡಲು ನೋಡುತ್ತಾರೆ. ರಕ್ತ ಹೆಚ್ಚು ಹೋದರೆ ರಕ್ತವನ್ನೇ ಕೊಡುತ್ತಾರೆ.

ದುಬಾರಿ ದ್ರವವೇ ಒಳ್ಳೆಯದು ಎಂಬ ನಂಬಿಕೆಯೂ ಇಲ್ಲಿ ನಡೆಯದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ತಲೆಗೆ ಪೆಟ್ಟಾದ 460 ರೋಗಿಗಳಲ್ಲಿ ಸಾಧಾರಣ ಸಲೈನನ್ನೂ ಬೆಲೆಬಾಳುವ ಆಲ್ಬುಮಿನ್ ದ್ರಾವಣವನ್ನೂ ಹೋಲಿಸಿ ನೋಡಿದರು. 2007ರಲ್ಲಿ ಫಲಿತಾಂಶ ಬಂತು. ಎರಡು ವರ್ಷಗಳಲ್ಲಿ ಆಲ್ಬುಮಿನ್ ಪಡೆದವರಲ್ಲಿ ಶೇಕಡಾ 33 ಮಂದಿ ತೀರಿಕೊಂಡಿದ್ದರೆ, ಸಲೈನ್ ಪಡೆದವರಲ್ಲಿ ಶೇಕಡಾ 20. ಆ ಆಲ್ಬುಮಿನ್ ದ್ರಾವಣದ ಸಾಂದ್ರತೆ ರಕ್ತಕ್ಕಿಂತ ಕಡಿಮೆಯಿದ್ದುದೂ ಇದಕ್ಕೆ ಒಂದು ಕಾರಣವಿರಬಹುದೆಂದು ತಜ್ಞರು ಹೇಳುತ್ತಾರೆ.

ಆಪರೇಷನ್ ಆದ ಮೇಲೆ

ಹೊಲಿಗೆ ಹಾಕಿದ ಮಾತ್ರಕ್ಕೆ ನೀರಿನ ಲೆಕ್ಕ ಮುಗಿಯುವುದಿಲ್ಲ. ದೇಹದ ಉಪ್ಪು ನೀರನ್ನು ಅಂಕೆಯಲ್ಲಿಡುವ ಕೇಂದ್ರ ಇರುವುದೇ ಮಿದುಳಿನಲ್ಲಿ. ಕೆಲವರಲ್ಲಿ ನೀರು ಒಳಗೇ ಉಳಿದು ಸೋಡಿಯಂ ಇಳಿಯುತ್ತದೆ. ಕೆಲವರಲ್ಲಿ ಉಪ್ಪೇ ಮೂತ್ರದಲ್ಲಿ ಸೋರಿಹೋಗುತ್ತದೆ. ಎರಡರಲ್ಲೂ ಸೋಡಿಯಂ ಕಡಿಮೆ, ಆದರೆ ಚಿಕಿತ್ಸೆ ತದ್ವಿರುದ್ಧ: ಮೊದಲನೆಯವರಿಗೆ ನೀರು ಮಿತಗೊಳಿಸಬೇಕು, ಎರಡನೆಯವರಿಗೆ ಉಪ್ಪು ಮತ್ತು ದ್ರವ ತುಂಬಬೇಕು. ಪಿಟ್ಯುಟರಿ ಗ್ರಂಥಿಯ ಬಳಿ ಶಸ್ತ್ರಚಿಕಿತ್ಸೆಯಾದವರಲ್ಲಿ ದಿನಕ್ಕೆ ಮೂರು ಲೀಟರಿಗೂ ಹೆಚ್ಚು ನೀರಿನಂಥ ಮೂತ್ರ ಹೋಗುವುದುಂಟು. ದಾದಿ ನಿಮ್ಮ ಕೈಗೆ ಚೀಟಿ ಕೊಟ್ಟು, ಕುಡಿದ ನೀರು, ಹೋದ ಮೂತ್ರ ಬರೆದಿಡಿ ಎಂದರೆ ಬೇಸರಪಡಬೇಡಿ. ವೈದ್ಯರು ಅಂದಿನ ಸೀಸೆಯನ್ನು ಆರಿಸುವಾಗ ಆ ಚೀಟಿಯನ್ನೂ ನೋಡುತ್ತಾರೆ.

ನೀವು ನೆನಪಿಡಬೇಕಾದದ್ದು

* ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು, ಫಿಟ್ಸ್ ಕಂಡರೆ ಗ್ಲೂಕೋಸ್ ಹಾಕಿಸಲು ಹೊತ್ತು ಕಳೆಯಬೇಡಿ. 108ಕ್ಕೆ ಕರೆಮಾಡಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು, ಸೋಡಾ ಹಾಕಬೇಡಿ.

* ಆಪರೇಷನ್ನಿಗೆ ಮೊದಲು ಅರಿವಳಿಕೆ ವೈದ್ಯರು ಕೇಳಿದ್ದೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿ. ಸಕ್ಕರೆ ಕಾಯಿಲೆ, ಹೃದಯ ಹಾಗೂ ಮೂತ್ರಪಿಂಡದ ತೊಂದರೆ, ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಯಾವುದೂ ಬಿಟ್ಟುಹೋಗಬಾರದು.

* ಉಪವಾಸ ಎಷ್ಟು ಹೊತ್ತು ಎಂಬುದನ್ನು ಅವರಿಂದಲೇ ತಿಳಿಯಿರಿ. ಬರೀ ನೀರನ್ನು ಸಾಮಾನ್ಯವಾಗಿ ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು. ಹಿಂದಿನ ದಿನವೇ ನೀರು ಬಿಟ್ಟು ಒಣಗಬೇಕಾಗಿಲ್ಲ.

* ಹನಿ ನಿಧಾನವಾಗಿ ಬೀಳುತ್ತಿದೆ ಎಂದು ಟ್ಯೂಬಿನ ಚಕ್ರವನ್ನು ನೀವೇ ತಿರುಗಿಸಬೇಡಿ. ದಾದಿಯನ್ನು ಕರೆಯಿರಿ.

* ಮನೆಗೆ ಬಂದ ಮೇಲೆ ಹೆಚ್ಚುತ್ತಿರುವ ತಲೆನೋವು, ವಾಂತಿ, ತೂಕಡಿಕೆ, ಗೊಂದಲದ ಮಾತು, ಅತಿ ದಾಹ, ಅತಿ ಮೂತ್ರ ಇವುಗಳಲ್ಲಿ ಯಾವುದು ಕಂಡರೂ ಕೂಡಲೆ ಆಸ್ಪತ್ರೆಗೆ ಹೋಗಿ.

ಆ ಹಿರಿಯ ಗೃಹಿಣಿ ಮೊನ್ನೆ ಮತ್ತೆ ಬಂದಿದ್ದರು, ಈ ಸಲ ಯಜಮಾನರನ್ನೂ ಕರೆದುಕೊಂಡು. ತಲೆಗೆ ಮಫ್ಲರ್ ಸುತ್ತಿಕೊಂಡಿದ್ದ ಅವರ ನಡಿಗೆ ಕೊಂಚ ನಿಧಾನವಾಗಿತ್ತು, ಮಾತು ಸ್ಪಷ್ಟವಾಗಿತ್ತು. ಆಕೆ ಚೀಲದಿಂದ ಒಂದು ನೋಟ್ ಪುಸ್ತಕ ತೆಗೆದು ನನ್ನ ಮೇಜಿನ ಮೇಲಿಟ್ಟರು. ಹದಿನಾಲ್ಕು ದಿನಗಳ ನೀರಿನ ಲೆಕ್ಕ, ಒಂದು ಲೋಟವೂ ತಪ್ಪಿರಲಿಲ್ಲ. "ಪಕ್ಕದ ಮನೆಯವರು ಗ್ಲೂಕೋಸ್ ಹಾಕ್ಸಿ ಅಂದ್ರು ಡಾಕ್ಟ್ರೇ. ಇಡ್ಲಿ ಕೊಡ್ತಿದ್ದೀನಿ ಅಂತ ಹೇಳ್ದೆ" ಎಂದರು.